ಕೊಂಡಿಯ ಬೆನ್ನ ಮೇಲಿನ ಹೆಸರು

ಧಾರವಾಡ ಜಿಲ್ಲೆಯ ನಮ್ಮೂರಿನ ಶಾಲೆಗೆ ಈ ವರ್ಷ 75 ತುಂಬುತ್ತದೆ. ಸಮಾರಂಭಕ್ಕೆ ಬರುವ ಹಳೆಯ ವಿದ್ಯಾರ್ಥಿಗಳಿಗೆಲ್ಲ ನೆನಪಿನ ಕಾಣಿಕೆಯಾಗಿ ಏನಾದರೂ ಕೊಡಬೇಕೆಂದು ಸಮಿತಿಯಲ್ಲಿ ಮಾತು ಬಂದಾಗ, ಕಿರಿಯ ಸದಸ್ಯರೆಲ್ಲ ಒಂದೇ ದನಿಯಲ್ಲಿ ಕ್ಯಾರಬೀನರ್ ಕೀಚೈನ್ ಎಂದರು, ಎಂದರೆ ಬಂಡೆ ಹತ್ತುವವರು ಹಗ್ಗಕ್ಕೆ ಬಳಸುವ ಲೋಹದ ಕೊಂಡಿಯ ಆಕಾರದ ಕೀಚೈನ್. ಪೆನ್ನು, ಫೋಟೊ ಫ್ರೇಮು, ಶಾಲು ಯಾವುದೂ ಬೇಡ, ಶಾಲೆಯ ಹೆಸರು ಕೆತ್ತಿದ ಬಣ್ಣದ ಕೊಂಡಿಯೊಂದು ಸಾಕು ಎಂಬುದು ಅವರ ವಾದ. ಬೆಂಗಳೂರಿನಲ್ಲಿರುವ ನನ್ನ ಪಾಲಿಗೆ ಅವುಗಳನ್ನು ಮಾಡಿಸುವ ಕೆಲಸ ಬಂತು. ಇಪ್ಪತ್ತು ವರ್ಷಗಳಿಂದ ರಜೆ ಸಿಕ್ಕಾಗಲೆಲ್ಲ ರಾಮನಗರದ ಬಂಡೆಗಳನ್ನು ಹತ್ತುತ್ತಿರುವವನಾದ್ದರಿಂದ, ಇದರ ವಿಷಯ ನನಗೆ ಗೊತ್ತಿರುತ್ತದೆ ಎಂದು ಅವರು ನಂಬಿದ್ದರು. ಗೊತ್ತಿದೆ. ಗೊತ್ತಿರುವುದರಿಂದಲೇ ಕೆಲವು ಮಾತುಗಳನ್ನು ಹೇಳದೆ ಇರಲಾಗದು ಎನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಈಚಿನ ವರ್ಷಗಳಲ್ಲಿ ಈ ಕೊಂಡಿ ಎಲ್ಲೆಲ್ಲೂ ಕಾಣುತ್ತಿದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಕಂಪನಿಗಳು ಕೊಡುವ ಚೀಲದಲ್ಲಿ, ಓಟದ ಸ್ಪರ್ಧೆಗೆ ಹೆಸರು ನೋಂದಾಯಿಸಿದವರ ಕಿಟ್‌ನಲ್ಲಿ, ವಾಹನದ ಶೋರೂಮಿನಲ್ಲಿ, ಜಿಮ್‌ನಲ್ಲಿ, ನಿವೇಶನ ಮಾರುವವರ ಮೇಜಿನ ಮೇಲೆ ಅದು ಇದ್ದೇ ಇರುತ್ತದೆ. ಹಿಂದೆ ಇಂಥ ಪ್ರಚಾರದ ಕೆಲಸವನ್ನು ಕ್ಯಾಲೆಂಡರು, ಡೈರಿ ಮತ್ತು ಬಟ್ಟೆ ಅಂಗಡಿಯ ಕೈಚೀಲಗಳು ಮಾಡುತ್ತಿದ್ದವು. ಕ್ಯಾಲೆಂಡರು ಗೋಡೆ ಬಿಟ್ಟು ಕದಲುವುದಿಲ್ಲ, ಡಿಸೆಂಬರ್ ಮುಗಿದರೆ ಅದರ ಆಯುಷ್ಯವೂ ಮುಗಿಯಿತು. ಕೊಂಡಿಯಾದರೋ ಚೀಲದ ಪಟ್ಟಿಗೆ, ಪ್ಯಾಂಟಿನ ಬೆಲ್ಟಿಗೆ ಸಿಕ್ಕಿಕೊಂಡು ಮೆಟ್ರೊ ಹತ್ತುತ್ತದೆ, ಹೋಟೆಲಿನ ಮೇಜಿನ ಮೇಲೆ ಕೂರುತ್ತದೆ, ಪಕ್ಕದಲ್ಲಿ ನಿಂತವರಿಗೂ ಹೆಸರು ತೋರಿಸುತ್ತದೆ. ಕೊಟ್ಟವರಿಗೆ ಇದಕ್ಕಿಂತ ಅಗ್ಗದ ಜಾಹೀರಾತು ಸಿಗುವುದು ಕಷ್ಟ.

ಇದನ್ನು ನಾನು ಆಕ್ಷೇಪಿಸುವುದಿಲ್ಲ, ಏಕೆಂದರೆ ಪ್ರಚಾರಕ್ಕಾಗಿ ಹಂಚುವ ವಸ್ತುಗಳ ಪೈಕಿ ನಿಜವಾಗಿ ಬಳಕೆಗೆ ಬರುವ ಕೆಲವೇ ಕೆಲವುಗಳಲ್ಲಿ ಇದೂ ಒಂದು. ಕೀಲಿಕೈಗಳನ್ನು ಮೈಗೆ ಸಿಕ್ಕಿಸಿಕೊಂಡು ಓಡಾಡುವುದು ನಮಗೆ ಹೊಸದೂ ಅಲ್ಲ. ನಮ್ಮ ಆಯಿ ಉಗ್ರಾಣ, ಟ್ರಂಕು, ದೇವರ ಕೋಣೆ ಎಲ್ಲದರ ಕೀಲಿಕೈಗಳನ್ನು ಬೆಳ್ಳಿಯ ಗೊಂಚಲೊಂದಕ್ಕೆ ಹಾಕಿ ಸೊಂಟಕ್ಕೆ ಸಿಗಿಸಿಕೊಂಡಿರುತ್ತಿದ್ದಳು. ಅವಳು ಯಾವ ಕೋಣೆಯಲ್ಲಿದ್ದಾಳೆಂದು ಆ ಸದ್ದಿನಿಂದಲೇ ನಮಗೆ ತಿಳಿಯುತ್ತಿತ್ತು. ಒಂದೇ ಕೈಯಿಂದ ಒತ್ತಿದರೆ ತೆರೆದು, ಬಿಟ್ಟರೆ ತಾನೇ ಮುಚ್ಚಿಕೊಳ್ಳುವ ಬಾಗಿಲೊಂದು ಈ ಹೊಸ ಕೊಂಡಿಗೆ ಇದೆ ಎಂಬುದಷ್ಟೇ ಹೆಚ್ಚಿನ ಅನುಕೂಲ.

ಹೆಸರು ಹಾಕುವ ವಿಧಾನವೂ ಇದರ ಜನಪ್ರಿಯತೆಗೆ ದೊಡ್ಡ ಕಾರಣ. ಈ ಕೊಂಡಿಗಳು ಹೆಚ್ಚಾಗಿ ಅಲ್ಯೂಮಿನಿಯಮ್ಮಿನವು. ಲೋಹವನ್ನು ಆಮ್ಲದ ದ್ರಾವಣದಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸಿದಾಗ ಅದರ ಮೈಮೇಲೆ ಸೂಕ್ಷ್ಮ ರಂಧ್ರಗಳಿರುವ ಆಕ್ಸೈಡ್ ಪದರವೊಂದು ಬೆಳೆಯುತ್ತದೆ, ಆ ರಂಧ್ರಗಳಲ್ಲಿ ಬಣ್ಣ ತುಂಬಿಸಿ ಮುಚ್ಚುತ್ತಾರೆ. ಆಮೇಲೆ ಲೇಸರ್ ಯಂತ್ರದಿಂದ ಅಕ್ಷರದ ಆಕಾರದಲ್ಲಿ ಆ ಬಣ್ಣದ ಪದರವನ್ನು ತೆಗೆದರೆ ಒಳಗಿನ ಬಿಳಿ ಲೋಹ ಹೊಳೆಯುತ್ತದೆ. ಶಾಯಿಯಲ್ಲಿ ಅಚ್ಚು ಹಾಕಿದ ಹೆಸರು ಬೆವರಿಗೂ ನಾಣ್ಯಗಳ ತಿಕ್ಕಾಟಕ್ಕೂ ಅಳಿಸಿಹೋಗುತ್ತದೆ, ಕೆತ್ತಿದ್ದು ವರ್ಷಗಟ್ಟಲೆ ಉಳಿಯುತ್ತದೆ. ನಮ್ಮ ಮನೆಗಳ ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಹಾಕಿಸುವ ರೂಢಿಯನ್ನು ನೋಡಿ ಬೆಳೆದವರಿಗೆ ಇದರ ಬೆಲೆ ಗೊತ್ತು. ಮದುವೆಗೆ ಬಂದ ತಾಟಿನ ಅಂಚಿನಲ್ಲಿ, ಪಾತ್ರೆ ಅಂಗಡಿಯವನು ಗುಂಯ್ಗುಡುವ ಯಂತ್ರ ಹಿಡಿದು ಚುಕ್ಕಿ ಚುಕ್ಕಿಯಾಗಿ ಬರೆದ ಮಾವನ ಹೆಸರು ನಲವತ್ತು ವರ್ಷಗಳ ನಂತರವೂ ಓದಲು ಬರುತ್ತದೆ. ತಾಟು ತೆಳುವಾಗಿದ್ದರೆ ಮಾತು ಬರುವುದು ಮಾವನಿಗೇ ಎಂದು ಗೊತ್ತಿದ್ದುದರಿಂದ, ಹೆಸರು ಹಾಕಿಸುವ ಮೊದಲು ಅವನು ತಾಟನ್ನು ಕೈಯಲ್ಲಿ ತೂಗಿ ನೋಡಿರುತ್ತಿದ್ದ.

ಈಗ ನನ್ನನ್ನು ಕಾಡುವ ವಿಷಯಕ್ಕೆ ಬರುತ್ತೇನೆ. ಕ್ಯಾರಬೀನರ್ ಎಂಬ ಹೆಸರು ಜರ್ಮನ್ ಭಾಷೆಯದು. ಕುದುರೆ ಸವಾರ ಸೈನಿಕರು ತಮ್ಮ ಕಾರ್ಬೈನ್ ಕೋವಿಯನ್ನು ಪಟ್ಟಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಕೊಕ್ಕೆಯಿಂದ ಅದು ಬಂದಿದೆ. 1910ರ ಸುಮಾರಿಗೆ ಮ್ಯೂನಿಕ್‌ನ ಓಟ್ಟೊ ಹೆರ್ಜೋಗ್ ಎಂಬ ಪರ್ವತಾರೋಹಿ, ಅಗ್ನಿಶಾಮಕ ದಳದವರ ಬಳಿಯಿದ್ದ ಅಂಥ ಕೊಂಡಿಯನ್ನು ನೋಡಿ ಅದನ್ನು ಬಂಡೆ ಹತ್ತಲು ಬಳಸತೊಡಗಿದ. ಅದಕ್ಕೂ ಮೊದಲು, ಬಂಡೆಗೆ ಹೊಡೆದ ಮೊಳೆಯ ಬಳೆಗೆ ಹಗ್ಗವನ್ನು ಪೋಣಿಸಬೇಕಾದರೆ, ಗೋಡೆಯಂಥ ಕಡಿದಾದ ಜಾಗದಲ್ಲಿ ನಿಂತು ಸೊಂಟದ ಹಗ್ಗವನ್ನೇ ಬಿಚ್ಚಿ ಮತ್ತೆ ಕಟ್ಟಿಕೊಳ್ಳಬೇಕಿತ್ತು. ಕೊಂಡಿ ಬಂದ ಮೇಲೆ ಆ ಪ್ರಾಣಾಪಾಯದ ಗಳಿಗೆ ತಪ್ಪಿತು. ಅಂದಿನಿಂದ ಇಂದಿನವರೆಗೆ ಹತ್ತುವವನ ಜೀವ ನಿಂತಿರುವುದು ಈ ಚಿಕ್ಕ ಲೋಹದ ಬಳೆಯ ಮೇಲೆ.

ಹತ್ತುವವರು ಬಳಸುವ ಕೊಂಡಿಯ ಬೆನ್ನ ಮೇಲೂ ಕೆತ್ತನೆ ಇರುತ್ತದೆ. ಉದ್ದಕ್ಕೆ ಒಂದು ಬಾಣದ ಗುರುತು, ಅದರ ಪಕ್ಕದಲ್ಲಿ ಒಂದು ಅಂಕಿ, ಅಡ್ಡಕ್ಕೆ ಇನ್ನೊಂದು, ಬಾಗಿಲು ತೆರೆದಿರುವ ಚಿತ್ರದ ಜೊತೆ ಮತ್ತೊಂದು. ಯುರೋಪಿನ ಮಾನದಂಡದ ಪ್ರಕಾರ ಸಾಮಾನ್ಯ ಕೊಂಡಿ ಉದ್ದಕ್ಕೆ ಕನಿಷ್ಠ 20 ಕಿಲೋನ್ಯೂಟನ್ ಎಳೆತವನ್ನು, ಎಂದರೆ ಸುಮಾರು 2000 ಕಿಲೋ ತೂಕದಷ್ಟು ಬಲವನ್ನು, ತಡೆಯಬೇಕು. ಬಾಗಿಲು ತೆರೆದಿದ್ದರೆ ಈ ಮಿತಿ 7 ಕಿಲೋನ್ಯೂಟನ್‌ಗೆ ಇಳಿಯುತ್ತದೆ. 70 ಕಿಲೋ ತೂಕದ ಮನುಷ್ಯನಿಗೆ ಇಷ್ಟೆಲ್ಲ ಏಕೆ ಎಂದು ಕೇಳಬಹುದು. ಬೀಳುತ್ತಿರುವ ದೇಹವನ್ನು ಹಗ್ಗ ಹಿಡಿದು ನಿಲ್ಲಿಸುವ ಆ ಕ್ಷಣದಲ್ಲಿ ಕೊಂಡಿಯ ಮೇಲೆ ಬೀಳುವುದು ತೂಕದ ಹಲವು ಪಟ್ಟು ಬಲ. ಆದ್ದರಿಂದ ಆ ಅಂಕಿಗಳನ್ನು ನಾವು ದೇವರ ಮುಂದಿನ ದೀಪದಷ್ಟೇ ಶ್ರದ್ಧೆಯಿಂದ ನೋಡುತ್ತೇವೆ.

ಕೀಚೈನಿನ ಕೊಂಡಿಯಲ್ಲಿ ಕಂಪನಿಯ ಹೆಸರು ಕೂರುವುದು ಸರಿಯಾಗಿ ಆ ಅಂಕಿಗಳು ಇರಬೇಕಾದ ಜಾಗದಲ್ಲಿ. ಆಕಾರ ಅದೇ, ಬಣ್ಣ ಅದೇ, ಬಾಗಿಲಿನ ಟಿಕ್ ಎನ್ನುವ ಸದ್ದೂ ಹೆಚ್ಚುಕಡಿಮೆ ಅದೇ. ಒಳಗಿನದು ಮಾತ್ರ ಬೇರೆ. ಮೆದು ಲೋಹದ ತೆಳ್ಳಗಿನ ಕಂಬಿಯನ್ನು ಬಗ್ಗಿಸಿ, ಸಣ್ಣ ರಿವೆಟ್ ಹೊಡೆದು, ದುರ್ಬಲ ಸ್ಪ್ರಿಂಗ್ ಹಾಕಿರುತ್ತಾರೆ. ಹತ್ತುವವರ ಕೊಂಡಿಯಲ್ಲಿ ಬಾಗಿಲಿನ ತುದಿ ಮೂತಿಯೊಳಗೆ ಕಚ್ಚಿಕೊಂಡು ಭಾರವನ್ನು ಹಂಚಿಕೊಳ್ಳುತ್ತದೆ. ಇದರಲ್ಲಿ ಅದು ಬರಿದೇ ತಾಗಿ ನಿಂತಿರುತ್ತದೆ. ಕೀಲಿಕೈ ಹೊರಲು ಅಷ್ಟು ಧಾರಾಳವಾಗಿ ಸಾಕು.

ಕಳೆದ ದೀಪಾವಳಿಗೆ ತಂಗಿಯ ಮನೆಗೆ ಹೋಗಿದ್ದೆ. ಅವಳ ಮೈದುನ ನಾಲ್ಕು ವರ್ಷದ ಮಗನಿಗೆಂದು ಹಳೆಯ ಸೀರೆಯ ಜೋಲಿಯೊಂದನ್ನು ಕಟ್ಟಿದ್ದ. ಚಾವಣಿಯ ಕೊಕ್ಕೆಗೂ ಹಗ್ಗಕ್ಕೂ ನಡುವೆ ಅವನು ಹಾಕಿದ್ದು ಯಾವುದೋ ಕಂಪನಿಯವರು ಹಂಚಿದ್ದ ಕೆಂಪು ಕೊಂಡಿಯನ್ನು. ನಾನು ನೋಡಿ ಬಾಯಿ ತೆರೆಯುವಷ್ಟರಲ್ಲಿ ಮಗು ಎರಡು ಸಲ ಜೀಕಿ ಆಗಿತ್ತು, ಮೂರನೆಯ ಸಲಕ್ಕೆ ಕೊಂಡಿ ನೆಟ್ಟಗಾಗಿ ಜೋಲಿ ಕೆಳಗೆ ಬಂತು. ಕೆಳಗೆ ಗಾದಿ ಹಾಸಿದ್ದರಿಂದ ಭುಜ ಊದಿಕೊಂಡದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ. "ಅಣ್ಣಾ, ಗುಡ್ಡ ಹತ್ತುವವರು ಇದನ್ನೇ ಅಲ್ಲವೇನ್ರಿ ಹಾಕುವುದು? ಗಟ್ಟಿ ಇರುತ್ತದೆ ಅಂತ ಹಾಕಿದೆ" ಎಂದು ಅವನು ನಡುಗುತ್ತ ಹೇಳಿದ. ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ತಾನು ಏನೆಂದು ಆ ವಸ್ತುವಿನ ಆಕಾರವೇ ಅವನಿಗೆ ತಪ್ಪಾಗಿ ಹೇಳಿತ್ತು. ಸರಿಪಡಿಸಬೇಕಾದ ಒಂದು ಸಾಲು ಅದರ ಮೇಲೆ ಎಲ್ಲೂ ಇರಲಿಲ್ಲ, ಕಂಪನಿಯ ಹೆಸರು ಮಾತ್ರ ಸ್ಪಷ್ಟವಾಗಿ ಹೊಳೆಯುತ್ತಿತ್ತು.

ಇಂಥ ಅನೇಕ ಕೊಂಡಿಗಳ ಮೇಲೆ, ಹತ್ತಲು ಬಳಸಬಾರದೆಂಬ ಎಚ್ಚರಿಕೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಮೊದಲೇ ಅಚ್ಚಾಗಿ ಬರುತ್ತದೆ. ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ನಾನು ವಿಚಾರಿಸಿದ ಅಂಗಡಿಯವರು, "ಸರ್, ಹಿಂದಿನ ಆ ಲೈನ್ ಇಲ್ಲದೇ ಇರೋ ಪೀಸೂ ಇದೆ, ನಿಮ್ಮ ಹೆಸರು ಇನ್ನೂ ನೀಟಾಗಿ ಕಾಣುತ್ತೆ" ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಗಿರಾಕಿಗಳು ಕೇಳುವುದನ್ನು ಅವರು ಒದಗಿಸುತ್ತಾರೆ. ತಪ್ಪು ಕೇಳುವವರದು. ಸಾವಿರಾರು ಜನರ ಕೈಗೆ ಹೋಗುವ ವಸ್ತುವಿನ ಮೇಲೆ ತಮ್ಮ ಹೆಸರು ಕೆತ್ತಿಸುವವರು, ಆ ವಸ್ತು ಏನು ಹೊರುತ್ತದೆ, ಏನು ಹೊರುವುದಿಲ್ಲ ಎಂಬುದನ್ನೂ ಅದರ ಮೇಲೆಯೇ ಹೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ತಗಲುವ ಹೆಚ್ಚಿನ ಖರ್ಚು ಲೇಸರ್ ಯಂತ್ರದ ಕೆಲವು ಸೆಕೆಂಡುಗಳು ಮಾತ್ರ.

ಅದನ್ನು ಕನ್ನಡದಲ್ಲಿ ಹೇಳಬೇಕೆಂದು ನಾನು ಹಟ ಹಿಡಿದೆ, ಅದರಲ್ಲಿ ಕಲಿತದ್ದನ್ನು ಮುಂದೆ ಮಾಡಿಸುವವರಿಗಾಗಿ ಇಲ್ಲಿ ಬರೆದಿಡುತ್ತೇನೆ. ಅಕ್ಷರಕ್ಕೆ ಸಿಗುವ ಜಾಗ ಒಂದು ಬೆರಳಿನ ಅರ್ಧ ಅಗಲವೂ ಇಲ್ಲ. ನಮ್ಮ ಲಿಪಿಗೆ ಕೆಳಗೆ ಒತ್ತಕ್ಷರ, ಮೇಲೆ ಗುಡಿಸು ಎರಡೂ ಬೇಕಾದ್ದರಿಂದ, ಅದೇ ಎತ್ತರದಲ್ಲಿ ಇಂಗ್ಲಿಷ್ ಎದ್ದು ಕಂಡರೆ ಕನ್ನಡ ಕಿರಿದಾಗಿ, ಒತ್ತಕ್ಷರದ ಸುಳಿಗಳು ತುಂಬಿಕೊಂಡು ಚುಕ್ಕೆಗಳಾಗುತ್ತವೆ. ಮೊದಲ ಮಾದರಿಯಲ್ಲಿ ನಮ್ಮ ಶಾಲೆಯ ಹೆಸರು ಹಾಗೆಯೇ ಕಲಸಿಹೋಗಿತ್ತು. ಅಂಗಡಿಯ ಕಂಪ್ಯೂಟರಿನಲ್ಲಿ ನಾನು ಕಳಿಸಿದ ಅಕ್ಷರಶೈಲಿ ಇಲ್ಲದೆ ಒತ್ತುಗಳು ಪಕ್ಕಕ್ಕೆ ಜಿಗಿದದ್ದು ಇನ್ನೊಂದು ಅವಾಂತರ. ಬರಹವನ್ನು ಮೊದಲೇ ರೇಖೆಗಳಾಗಿ ಮಾರ್ಪಡಿಸಿ ಕಳಿಸಿದರೆ ಈ ತೊಂದರೆ ಇರುವುದಿಲ್ಲ. ಅಕ್ಷರದ ಗೆರೆಗಳು ಒಂದೇ ದಪ್ಪದಲ್ಲಿ, ಸಣ್ಣಗೆ ಇರಬೇಕು. ಹೆಸರನ್ನು ಚಿಕ್ಕದು ಮಾಡಿಕೊಳ್ಳಲೇಬೇಕು, ಫೋನ್ ನಂಬರು, ವೆಬ್ ವಿಳಾಸ, ಘೋಷವಾಕ್ಯ ಎಲ್ಲವನ್ನೂ ತುರುಕಲು ಹೋದರೆ ಯಾವುದನ್ನೂ ಓದಲಾಗದು.

ಎಚ್ಚರಿಕೆಯ ಮಾತು ಯಾವುದಿರಬೇಕೆಂಬ ಬಗ್ಗೆ ಸಮಿತಿಯಲ್ಲಿ ಒಂದು ಸಂಜೆ ಪೂರ್ತಿ ಚರ್ಚೆಯಾಯಿತು. ‘ಹತ್ತಲು ಬಳಸಬೇಡಿ’ ಎಂದರೆ ಬಂಡೆ ಹತ್ತದವನಿಗೆ ಅದು ತನಗೆ ಸಂಬಂಧಿಸಿದ್ದು ಅನ್ನಿಸುವುದಿಲ್ಲ. ಜೋಲಿ ಕಟ್ಟುವ ತಂದೆಗೆ ಅದು ಏನನ್ನೂ ಹೇಳುವುದಿಲ್ಲ. ‘ಭಾರ ಹಾಕಬೇಡಿ’ ಎಂದರೆ ಎಷ್ಟು ಭಾರ ಎಂಬ ಪ್ರಶ್ನೆ ಬರುತ್ತದೆ. ಕೊನೆಗೆ ನಮ್ಮ ಹಳೆಯ ಮುಖ್ಯೋಪಾಧ್ಯಾಯರು, ಏನು ಮಾಡಬಾರದೆಂದು ಹೇಳುವ ಬದಲು ಯಾವುದಕ್ಕೆಂದು ಹೇಳಿಬಿಡಿ ಎಂದರು.

ನಿನ್ನೆ ಎರಡನೆಯ ಮಾದರಿ ಕೈಗೆ ಬಂತು. ಕಡುನೀಲಿ ಕೊಂಡಿ, ಒಂದು ಬದಿಯಲ್ಲಿ ಊರಿನ ಹೆಸರು ಮತ್ತು 75 ಎಂಬ ಅಂಕಿ, ಇನ್ನೊಂದು ಬದಿಯಲ್ಲಿ ಅಷ್ಟೇ ದೊಡ್ಡ ಅಕ್ಷರಗಳಲ್ಲಿ ‘ಕೀಲಿಕೈಗೆ ಮಾತ್ರ’. ಒತ್ತಕ್ಷರವೂ ಬಿಡಿಯಾಗಿ ಓದಲು ಬರುತ್ತದೆ. 400 ಮಾಡಲು ಹೇಳಿ ಬಂದಿದ್ದೇನೆ. ಮೊದಲನೆಯದನ್ನು ತಂಗಿಯ ಮನೆಗೆ ಕಳಿಸುತ್ತೇನೆ.