ಮಾಟುಂಗಾದಲ್ಲಿ ಡಾನ್‌ಬಾಸ್

ಮುಂಬಯಿಯಲ್ಲಿ ರಷ್ಯಾ–ಉಕ್ರೇನ್ ಯುದ್ಧ ನಡೆಯುವುದು ಮಾಟುಂಗಾದ ಉಡುಪಿ ಹೋಟೆಲುಗಳಲ್ಲಿ. ಬೆಳಿಗ್ಗೆ ಏಳಕ್ಕೆ ಶುರುವಾದರೆ ಎರಡನೇ ಕಾಫಿ ಮುಗಿಯುವ ತನಕ ಕದನವಿರಾಮ ಇಲ್ಲ. ಜಗಳ ಡಾನ್‌ಬಾಸ್‌ಗಾಗಿ, ಅಂದರೆ ಎರಡೂ ದೇಶಗಳು ತಮ್ಮದೆನ್ನುವ ಪೂರ್ವ ಉಕ್ರೇನಿನ ಸೀಮೆಗಾಗಿ. ಗೋಡೆ ಪಕ್ಕದ ಟೇಬಲ್ಲು ಪುಟಿನ್ ಕಡೆ. ಫ್ಯಾನ್ ಕೆಳಗಿನದು ಜೆಲೆನ್‌ಸ್ಕಿ ಕಡೆ. ಕನ್ನಡ ಸಂಘದ ಚುನಾವಣೆಯಲ್ಲಿ ಒಂದೇ ಪ್ಯಾನೆಲ್ಲಿನಲ್ಲಿ ನಿಂತವರು ಈಗ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಕಾರಣ ಮಾತ್ರ ಕೇಳಬೇಡಿ. ಒಬ್ಬರು ರಷ್ಯಾ ಕಡೆ, ಯಾಕೆಂದರೆ 1971ರಲ್ಲಿ ಸೋವಿಯತ್ ಒಕ್ಕೂಟ ನಮ್ಮ ಕೈ ಬಿಡಲಿಲ್ಲ. ಉಕ್ರೇನ್ ಕೂಡ ಆಗ ಅದೇ ಒಕ್ಕೂಟದಲ್ಲಿತ್ತಲ್ವಾ ಅಂದರೆ, “ನಿಮಗೆ ಗೊತ್ತಾಗಲ್ಲ, ಸುಮ್ನಿರಿ” ಎನ್ನುತ್ತಾರೆ. ಇನ್ನೊಬ್ಬರು ಉಕ್ರೇನ್ ಕಡೆ, ಯಾಕೆಂದರೆ ಮೊದಲನೆಯವರು ರಷ್ಯಾ ಕಡೆ.

ಯುದ್ಧ ಶುರುವಾಗಿದ್ದು 2022ರ ಫೆಬ್ರವರಿ 24ಕ್ಕೆ. ಎರಡು ವಾರ ಕಳೆಯುವ ಮೊದಲೇ, ಮಾರ್ಚ್ 7ಕ್ಕೆ, ಮುಂಬಯಿ ಮಹಾನಗರ ಪಾಲಿಕೆಯ ಅವಧಿ ಮುಗಿಯಿತು. 227 ವಾರ್ಡುಗಳಿಗೂ ನಗರಸೇವಕರಿಲ್ಲ, ಊರಿಗೆ ಮೇಯರ್ ಇಲ್ಲ. ಆಡಳಿತಾಧಿಕಾರಿಯ ಕೈಯಲ್ಲೇ ಹೆಚ್ಚುಕಮ್ಮಿ ನಾಲ್ಕು ವರ್ಷ ಹೋಯಿತು. ನಮ್ಮ ಎರಡೂ ಟೇಬಲ್ಲುಗಳಿಗೆ ಇದೊಂದು ಸುದ್ದಿ ಅನಿಸಲೇ ಇಲ್ಲ. ಕೀವ್ ಮೇಯರ್ ಯಾರು ಅಂತ ಕೇಳಿ ನೋಡಿ, “ವಿಟಾಲಿ ಕ್ಲಿಚ್ಕೊ, ಮೊದಲು ಬಾಕ್ಸರ್ ಆಗಿದ್ದವರು!” ಎಂದು ಒಟ್ಟಿಗೇ ಕೂಗುತ್ತಾರೆ. ಅದೊಂದರಲ್ಲಿ ಒಗ್ಗಟ್ಟಿದೆ.

ಇದರಲ್ಲಿ ಗೆದ್ದವರು ಗಲ್ಲಾದಲ್ಲಿ ಕೂತ ಶೆಟ್ರು. ನಮ್ಮ ದೇಶಕ್ಕೆ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಬಹುಪಾಲು ಆಗ ಕಾದಾಡುವ ಆ ಇಬ್ಬರದ್ದೇ. ಅದರ ಮೇಲೆ ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ಪಾಮ್ ಎಣ್ಣೆ ರಫ್ತನ್ನೂ ನಿಲ್ಲಿಸಿತು. ವಡೆ ರೇಟು ಏರಿತು, ಸರಿ. ಇಂಡೋನೇಷ್ಯಾ ಒಂದು ತಿಂಗಳೊಳಗೆ ಪಟ್ಟು ಸಡಿಲಿಸಿತು. ವಡೆ ಕೆಳಗೆ ಇಳಿಯಲಿಲ್ಲ. ಕೇಳಿದರೆ, “ಯುದ್ಧ ಇನ್ನೂ ಮುಗಿದಿಲ್ಲ ಅಲ್ವಾ ರಾಯರೇ?”

ಪಾಪ, ಶೆಟ್ರು ಕಲಿತಿದ್ದು ದೊಡ್ಡವರನ್ನು ನೋಡಿ. ಯುದ್ಧಕ್ಕೆ ಮೊದಲು ನಾವು ಕೊಳ್ಳುವ ಕಚ್ಚಾ ತೈಲದಲ್ಲಿ ರಷ್ಯಾದ ಪಾಲು ನೂರಕ್ಕೆ ಎರಡೂ ಇರಲಿಲ್ಲ. 2023ಕ್ಕೆ ಮೂರನೇ ಒಂದು ಭಾಗ ದಾಟಿತು. ರಿಯಾಯಿತಿ ದರದ ಮಾಲು! ಪುಟಿನ್ ಟೇಬಲ್ಲು ಎಲ್ಲರಿಗೂ ಶೀರಾ ಕೊಡಿಸಿತು. ಮುಂಬಯಿಯಲ್ಲಿ ಪೆಟ್ರೋಲು ಮಾತ್ರ 2022ರ ಜುಲೈಯಿಂದ 2024ರ ಮಾರ್ಚ್‌ವರೆಗೆ 106 ರೂಪಾಯಿ 31 ಪೈಸೆಯಲ್ಲೇ ಕಂಬದ ಹಾಗೆ ನಿಂತಿತ್ತು. ಶೀರಾ ತಿಂದವರು ಟ್ಯಾಂಕಿ ತುಂಬಿಸಿಕೊಂಡು ಹೋದರು, ದೂರು ಹೇಳಲಿಲ್ಲ.

ಕೊನೆಗೂ ಪಾಲಿಕೆ ಚುನಾವಣೆ ಬಂತು, 2026ರ ಜನವರಿ 15ಕ್ಕೆ. ಅದಕ್ಕೆ ಮೊದಲು ಒಬ್ಬ ಅಭ್ಯರ್ಥಿ ಕೈ ಮುಗಿದುಕೊಂಡು ಹೋಟೆಲಿಗೂ ಬಂದರು. ಮಳೆಗಾಲದಲ್ಲಿ ಮೊಣಕಾಲು ಮಟ್ಟ ನಿಲ್ಲುವ ನೀರಿನ ಬಗ್ಗೆ ಕೇಳುತ್ತಾರೇನೋ ಅಂತ ಅವರ ಮುಖದಲ್ಲಿ ಭಯ ಇತ್ತು. ಫ್ಯಾನ್ ಕೆಳಗಿನ ರಾಯರು ಎದ್ದು ನಿಂತರು. “ಒಂದೇ ಪ್ರಶ್ನೆ. ಡಾನ್‌ಬಾಸ್ ಯಾರಿಗೆ ಸೇರಬೇಕು?”

ಅಭ್ಯರ್ಥಿ ಖುಷಿಯಿಂದ ಕುರ್ಚಿ ಎಳೆದುಕೊಂಡು ಕೂತರು.