ಸೇನೆಯಲ್ಲಿದ್ದಾಗ ಬಂದ ಶುಗರ್: ಅಂಗವೈಕಲ್ಯ ಪಿಂಚಣಿ ಕೊಡಬೇಕೇ?

ಪುಣೆಯ ಖಡ್ಕಿ, ದಿಘಿ, ವಾನವಡಿ ಕಡೆ ಬೆಳಗಾವಿ, ವಿಜಯಪುರ, ಬಾಗಲಕೋಟೆಯಿಂದ ಬಂದು ನೆಲೆಸಿದ ಮಾಜಿ ಸೈನಿಕರ ಮನೆಗಳು ಬೇಕಾದಷ್ಟಿವೆ. ನಾಲ್ಕು ಜನ ಸೇರಿದರೆ ಪಿಂಚಣಿ ಮಾತು ಬಂದೇ ಬರುತ್ತದೆ. ಅದರಲ್ಲೂ ಶುಗರ್ ಕಾರಣಕ್ಕೆ ಬೋರ್ಡ್ ಔಟ್ ಆದವರ, ಅಂದರೆ ವೈದ್ಯಕೀಯ ಮಂಡಳಿ ಅನರ್ಹ ಅಂತ ಹೇಳಿ ಸೇವೆಯಿಂದ ಕಳಿಸಿದವರ ಮಾತು ಬಂದರೆ ಒಮ್ಮತ ಅನ್ನುವುದೇ ಇಲ್ಲ. ಇಬ್ಬರು ಬರೆದ ಎರಡೂ ಕಡೆಯ ವಾದ ಇಲ್ಲಿದೆ.

ಪರ: ಗಟ್ಟಿಮುಟ್ಟಾದವನನ್ನೇ ಆರಿಸಿದಿರಿ, ಈಗ ಕೈ ಬಿಡಬೇಡಿ

ಭರ್ತಿ ಮೈದಾನಕ್ಕೆ ಹೋದವರಿಗೆ ಗೊತ್ತು, ಹುಡುಗನನ್ನು ಹೇಗೆ ಜಾಲಾಡುತ್ತಾರೆ ಅಂತ. 1.6 ಕಿಲೋಮೀಟರ್ ಓಟ, ಎದೆಯ ಅಳತೆ, ಕಣ್ಣು, ಕಿವಿ, ಹಲ್ಲು, ನಿಂತರೆ ಮೊಣಕಾಲು ಒಂದಕ್ಕೊಂದು ತಾಗುತ್ತದಾ ಅನ್ನುವುದು ಕೂಡ. ಸಣ್ಣ ಕೊರತೆ ಕಂಡರೂ ಮನೆಗೆ ಕಳಿಸುತ್ತಾರೆ. ಇಷ್ಟೆಲ್ಲ ನೋಡಿ ತೆಗೆದುಕೊಂಡ ಹುಡುಗನಿಗೆ ಎಂಟು ವರ್ಷದ ಮೇಲೆ ಶುಗರ್ ಬಂದಾಗ, "ಇದು ನಿನ್ನ ಮೈಯ ದೋಷ, ನಮಗೂ ಇದಕ್ಕೂ ಸಂಬಂಧ ಇಲ್ಲ" ಅನ್ನುವುದು ಯಾವ ನ್ಯಾಯ?

ಕಾನೂನು ಕೂಡ ಹಾಗೆ ಹೇಳುವುದಿಲ್ಲ. 1982ರ ಅರ್ಹತಾ ನಿಯಮಗಳ ಪ್ರಕಾರ, ಸೇರುವಾಗ ದಾಖಲೆಯಲ್ಲಿ ಕಾಯಿಲೆ ಬರೆದಿಲ್ಲ ಅಂದರೆ ಆತ ಆರೋಗ್ಯವಾಗಿದ್ದ ಅಂತಲೇ ಹಿಡಿಯಬೇಕಿತ್ತು. ರುಜುವಾತು ಮಾಡುವ ಹೊರೆ ಸೈನಿಕನ ಮೇಲಿರಲಿಲ್ಲ. ಅನುಮಾನ ಇದ್ದರೆ ಅದರ ಲಾಭ ಅವನಿಗೇ. 2013ರಲ್ಲಿ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಡಿಸಿ ಹೇಳಿತು. ಅದು ಫಿಟ್ಸ್ ಬಂದು ಹೊರಬಿದ್ದ ಸೈನಿಕನ ಪ್ರಕರಣ. ಆದರೆ ಅಲ್ಲಿ ಹೇಳಿದ ತತ್ವ ಎಲ್ಲ ಕಾಯಿಲೆಗೂ ಒಂದೇ. 2014ರಲ್ಲಿ ಸುಖ್ವಿಂದರ್ ಸಿಂಗ್ ಪ್ರಕರಣದಲ್ಲಿ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಾಯಿಲೆ ಅಂತ ಹೇಳಿ ಕೆಲಸದಿಂದಲೇ ತೆಗೆದಿದ್ದೀರಿ ಅಂದಮೇಲೆ ವೈಕಲ್ಯ 20 ಪರ್ಸೆಂಟ್‌ಗಿಂತ ಜಾಸ್ತಿ ಇದ್ದೇ ಇದೆ ಅಂತ ಹಿಡಿಯಬೇಕು ಎಂದಿತು.

ಆದರೂ ಬೋರ್ಡ್‌ನ ಕಾಗದದಲ್ಲಿ ಏನಿರುತ್ತದೆ ನೋಡಿ. ಸೇವೆಯಿಂದ ಬಂದದ್ದೇ? ಇಲ್ಲ. ಸೇವೆಯಿಂದ ಹೆಚ್ಚಾದದ್ದೇ? ಇಲ್ಲ. ಕಾರಣದ ಜಾಗದಲ್ಲಿ ಒಂದೇ ಸಾಲು: ಜೀವನಶೈಲಿ ಕಾಯಿಲೆ, ಶಾಂತಿ ನೆಲೆಯಲ್ಲಿ (ಗಡಿ, ಕಾರ್ಯಾಚರಣೆಯಿಂದ ದೂರದ ಊರಿನಲ್ಲಿ) ಶುರುವಾಗಿದೆ. ನನ್ನ ಚಿಕ್ಕಪ್ಪನ ಮಗನ ಕಾಗದವನ್ನು ನಾನೇ ಕೈಯಲ್ಲಿ ಹಿಡಿದು ಓದಿದ್ದೇನೆ. ಅವನು ಏನು ತಿನ್ನುತ್ತಿದ್ದ, ಎಷ್ಟು ನಿದ್ದೆ ಮಾಡುತ್ತಿದ್ದ, ಅದಕ್ಕೆ ಹಿಂದಿನ ವರ್ಷಗಳಲ್ಲಿ ಎಲ್ಲೆಲ್ಲಿದ್ದ, ಒಂದು ಅಕ್ಷರ ಇಲ್ಲ. ಅವನಿಗೆ ಬಂದದ್ದು ಟೈಪ್ 1. ಮೈಯ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಕೊಲ್ಲುವ ಕಾಯಿಲೆ ಅದು. ಅದಕ್ಕೂ ಜೀವನಶೈಲಿಗೂ ಏನು ನಂಟು?

ಈಗ ಅವನು ಹಿಂಜವಾಡಿಯ ಒಂದು ಕಂಪನಿ ಗೇಟಿನಲ್ಲಿ ರಾತ್ರಿ ಪಾಳಿ ಮಾಡುತ್ತಾನೆ. ಜೇಬಿನಲ್ಲಿ ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣ ಇದ್ದೇ ಇರುತ್ತದೆ. ಶುಗರ್ ಇಳಿದರೆ ಮೊದಲು ಬೆರಳು ನಡುಗುತ್ತವೆ, ಆಮೇಲೆ ಬೆವರು. ಎರಡು ಬಿಸ್ಕತ್ತು ತಿಂದು, ರಿಜಿಸ್ಟರ್ ಮೇಲೆ ಕೈ ಊರಿ ನಿಂತು, ಮತ್ತೆ ಗಾಡಿ ನಂಬರ್ ಬರೆಯುತ್ತಾನೆ. ಇನ್ಸುಲಿನ್ ಪೆನ್ನು ಕ್ಯಾಂಟೀನಿನವರ ಫ್ರಿಜ್‌ನಲ್ಲಿ, ಮೊಸರಿನ ಡಬ್ಬಿಯ ಪಕ್ಕ.

ಅವನಿಗೆ ಸಿಕ್ಕಿದ್ದು ಗ್ರಾಚ್ಯುಟಿ ಮಾತ್ರ. ಕಾಯಿಲೆಗೂ ಸೇವೆಗೂ ಸಂಬಂಧ ಇಲ್ಲ ಎಂದರೆ ಉಳಿಯುವುದು ಇನ್‌ವ್ಯಾಲಿಡ್ ಪಿಂಚಣಿ, ಅದಕ್ಕೆ ಹತ್ತು ವರ್ಷದ ಸೇವೆ ಬೇಕು. 2020ರಲ್ಲಿ ಸರ್ಕಾರ ಈ ಹತ್ತು ವರ್ಷದ ಷರತ್ತು ಸಡಿಲಿಸಿತು, ನಿಜ. ಆದರೆ ಸೇನೆಯ ಹೊರಗೆ ಕೂಡ ಕೆಲಸ ಮಾಡಲಾಗದಷ್ಟು ಕೈಲಾಗದವರಿಗೆ ಮಾತ್ರ. ಗೇಟು ಕಾಯುವ ಶಕ್ತಿ ಉಳಿದಿದೆ ಅಂದರೆ ಅದೂ ಇಲ್ಲ. ಪಿಂಚಣಿ ಇಲ್ಲದವನಿಗೆ ಇಸಿಎಚ್‌ಎಸ್ (ಮಾಜಿ ಸೈನಿಕರ ಚಿಕಿತ್ಸಾ ಯೋಜನೆ) ಕಾರ್ಡ್ ಸಿಗುವುದೂ ಕಷ್ಟ. ಜೀವನಪೂರ್ತಿ ಔಷಧಿ ಬೇಕಾದ ಕಾಯಿಲೆಯವನಿಗೇ ಔಷಧಿಯ ಬಾಗಿಲು ಮುಚ್ಚಿದೆ.

"ಊರಲ್ಲಿದ್ದರೂ ಶುಗರ್ ಬರುತ್ತಿತ್ತಲ್ಲ" ಅನ್ನುತ್ತಾರೆ. ಬರಬಹುದಿತ್ತು. ಆದರೆ ಊರಿನ ಮೇಷ್ಟ್ರಿಗೆ ಶುಗರ್ ಬಂದರೆ ಮಾತ್ರೆ ನುಂಗಿ ಪಾಠ ಮಾಡುತ್ತಾರೆ, ಕೆಲಸ ಹೋಗುವುದಿಲ್ಲ. ಸೈನಿಕನ ಕೆಲಸ ಹೋಗಬಹುದು. ಯಾಕೆಂದರೆ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಹೆಪ್ಪುಗಟ್ಟಿದರೆ ಎಸೆಯಬೇಕು. ಸಿಯಾಚಿನ್ ಪೋಸ್ಟಿನಲ್ಲಿ ಅದನ್ನು ಇಡುವುದೆಲ್ಲಿ? ಮಧ್ಯರಾತ್ರಿ ಬಂದೂಕು ಹಿಡಿದು ನಿಂತವನ ತಲೆ ತಿರುಗಿದರೆ ಪಕ್ಕದವನ ಜೀವಕ್ಕೂ ಅಪಾಯ. ಸೇನೆ ಅವನನ್ನು ತೆಗೆಯುವುದು ತಪ್ಪಲ್ಲ. ತೆಗೆದ ಮೇಲೆ ಲೆಕ್ಕ ಚುಕ್ತಾ ಮಾಡದೇ ಇರುವುದು ತಪ್ಪು.

ಅಮೆರಿಕದಲ್ಲಿ ಸೈನಿಕರ ಶುಗರ್‌ಗೆ ಮೆಟ್ಟಿಲು ಮೆಟ್ಟಿಲಾಗಿ ವೈಕಲ್ಯದ ರೇಟಿಂಗ್ ಇದೆ. ಪಥ್ಯದಲ್ಲೇ ಹತೋಟಿಗೆ ಬಂದರೆ 10 ಪರ್ಸೆಂಟ್. ಪಥ್ಯದ ಜೊತೆ ಮಾತ್ರೆ ಅಥವಾ ಇನ್ಸುಲಿನ್ ಬೇಕಾದರೆ 20. ಇನ್ಸುಲಿನ್, ಪಥ್ಯದ ಮೇಲೆ ಓಡಾಟ, ದುಡಿಮೆಗೂ ಮಿತಿ ಹಾಕಬೇಕಾದರೆ 40. ತೊಡಕುಗಳು ಸೇರಿದಂತೆ 60, 100 ಅಂತ ಏರುತ್ತದೆ. ಅಲ್ಲೂ ಜಗಳ ಇದೆ. 30ಕ್ಕಿಂತ ಕಡಿಮೆ ರೇಟಿಂಗ್ ಬಂದವನಿಗೆ ಒಂದು ಗಂಟು ಹಣ ಕೊಟ್ಟು ಕಳಿಸುತ್ತಾರೆ, 30 ದಾಟಿದರೆ ನಿವೃತ್ತಿ ಸೌಲಭ್ಯ, ಹಾಗಾಗಿ 20ಕ್ಕೂ 40ಕ್ಕೂ ನಡುವೆ ದೊಡ್ಡ ಗುದ್ದಾಟ. ಆದರೆ ಈ ಕಾಯಿಲೆ ನಿನ್ನಿಂದ ಏನೇನು ಕಿತ್ತುಕೊಂಡಿದೆ ಅಂತಾದರೂ ಅಲ್ಲಿ ಕೇಳುತ್ತಾರೆ. ನಮ್ಮಲ್ಲಿ ವಾದವೆಲ್ಲ ಕಾಯಿಲೆ ಎಲ್ಲಿ ಶುರುವಾಯಿತು ಅನ್ನುವುದರ ಮೇಲೆ. ಫೀಲ್ಡ್ (ಗಡಿ, ಕಾರ್ಯಾಚರಣೆಯ ಜಾಗ), ಎತ್ತರದ ಪ್ರದೇಶ, ದೀರ್ಘ ಸಮುದ್ರ ಸೇವೆ ಆದರೆ ಸೈ. ಪುಣೆ ಆದರೆ ಇಲ್ಲ. ಶುಗರ್ ಏನು ಪೋಸ್ಟಿಂಗ್ ಆರ್ಡರ್ ನೋಡಿ ಬರುತ್ತದಾ? ವರ್ಷಗಟ್ಟಲೆ ಒಳಗೊಳಗೇ ಬೆಳೆದು, ಪರೀಕ್ಷೆ ಮಾಡಿದ ದಿನ ಸಿಕ್ಕಿಬೀಳುತ್ತದೆ. 2025ರಲ್ಲಿ ದೆಹಲಿ ಹೈಕೋರ್ಟ್ ಒಬ್ಬ ಸೈನಿಕನ ಶುಗರ್ ಪ್ರಕರಣದಲ್ಲಿ ಇದನ್ನೇ ಹೇಳಿತು: ಶಾಂತಿ ನೆಲೆಯಲ್ಲಿ ಕಂಡಿತು ಅನ್ನುವುದೊಂದೇ ಪಿಂಚಣಿ ನಿರಾಕರಿಸಲು ಸಾಲದು, ಕಾರಣ ಹೇಳುವ ಹೊಣೆ ಬೋರ್ಡಿನದು.

ಕಾರಣ ಗೊತ್ತಿದ್ದರೆ ಬರೆಯಲಿ. ಗೊತ್ತಿಲ್ಲದಿದ್ದರೆ ಪಿಂಚಣಿ ಕೊಡಲಿ.

ವಿರೋಧ: ಕಾಯಿಲೆಗೆ ಔಷಧಿ ಕೊಡಿ, ಗಾಯದ ಹೆಸರು ಕೊಡಬೇಡಿ

ನಾನೂ ಸೈನಿಕನ ಮನೆಯವಳೇ. ನಮ್ಮ ಅಪ್ಪನಿಗೆ ಕೃತಕ ಕಾಲು ಹಾಕಿಸಿದ್ದು ಇದೇ ಪುಣೆಯಲ್ಲಿ, 1944ರಿಂದ ನಡೆಯುತ್ತಿರುವ ಸೇನೆಯ ಕೃತಕ ಅಂಗ ಕೇಂದ್ರದಲ್ಲಿ. ಮಳೆಗಾಲದಲ್ಲಿ ಮೊಂಡು ಕಾಲಿನ ಚರ್ಮ ಬೆಂದಂತಾಗಿ, ಕಾಲು ಬಿಚ್ಚಿಟ್ಟು, ಎಣ್ಣೆ ಹಚ್ಚಿಕೊಂಡು ಕೂರುತ್ತಾರೆ. ಅಂಗವೈಕಲ್ಯ ಅಂದರೆ ನಮ್ಮ ಮನೆಯಲ್ಲಿ ಅದು. ಹಾಗಾಗಿ ಎಲ್ಲ ಶುಗರನ್ನೂ ಅದೇ ಹೆಸರಿನ ಕೆಳಗೆ ಸೇರಿಸುವುದನ್ನು ನಾನು ಒಪ್ಪುವುದಿಲ್ಲ.

ಲೆಕ್ಕ ನೋಡಿ. 100 ಪರ್ಸೆಂಟ್ ವೈಕಲ್ಯಕ್ಕೆ ಕೊನೆಯ ಸಂಬಳದ 30 ಪರ್ಸೆಂಟ್ ಸಿಗುತ್ತದೆ. ಸಂಬಳ 40,000 ರೂಪಾಯಿ ಇದ್ದರೆ 12,000. ಶುಗರ್‌ಗೆ ಬೋರ್ಡ್ ಸಾಮಾನ್ಯವಾಗಿ ಹಾಕುವುದು 20 ಪರ್ಸೆಂಟ್, ಅಂದರೆ 2,400. ಆದರೆ ರೌಂಡಿಂಗ್ ನಿಯಮ ಇದೆ. 50ಕ್ಕಿಂತ ಕಡಿಮೆ ಇದ್ದರೆ 50 ಅಂತ ಹಿಡಿಯುತ್ತಾರೆ. 2,400 ಹೋಗಿ 6,000 ಆಯಿತು. ಎರಡೂವರೆ ಪಟ್ಟು. 75 ಪರ್ಸೆಂಟ್ ಇರುವವನಿಗೆ? 75 ಇದ್ದದ್ದು 75ರಲ್ಲೇ ಉಳಿಯುತ್ತದೆ, ಒಂದು ರೂಪಾಯಿ ಏರುವುದಿಲ್ಲ. ಕಡಿಮೆ ನೊಂದವನಿಗೆ ಜಾಸ್ತಿ ಏರಿಕೆ, ಜಾಸ್ತಿ ನೊಂದವನಿಗೆ ಸೊನ್ನೆ. 2014ರ ರಾಮ್ ಅವತಾರ್ ತೀರ್ಪಿನ ನಂತರ ಈ ಲಾಭ ಪೂರ್ತಿ ಸೇವೆ ಮುಗಿಸಿ ನಿವೃತ್ತರಾದವರಿಗೂ ಸಿಕ್ಕಿತು.

ಅಲ್ಲಿಂದಲೇ ನನ್ನ ತಕರಾರು ಶುರು. ಚಿಕ್ಕ ವಯಸ್ಸಿಗೇ ಬೋರ್ಡ್ ಔಟ್ ಆದ ಹುಡುಗನ ಕಥೆ ಹೇಳಿ ವಾದ ಕಟ್ಟುತ್ತಾರೆ. ಆದರೆ ಆ ವಾದದಿಂದ ತೆರೆದ ಬಾಗಿಲಲ್ಲಿ ಒಳಗೆ ಬರುವವರು ಬೇರೆಯವರೂ ಇದ್ದಾರೆ. ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ 2023ರ ವರದಿ ಓದಿ. 2015-16ರಿಂದ 2019-20ರವರೆಗೆ ವರ್ಷವರ್ಷ ನಿವೃತ್ತರಾದ ಅಧಿಕಾರಿಗಳಲ್ಲಿ 36ರಿಂದ 40 ಪರ್ಸೆಂಟ್ ಜನ ಅಂಗವೈಕಲ್ಯ ಪಿಂಚಣಿಯೊಂದಿಗೆ ಹೋಗಿದ್ದಾರೆ. ಜವಾನರಲ್ಲಿ ಅದು 15ರಿಂದ 18. ಪೋಸ್ಟಿನಲ್ಲಿ ಮೂಟೆ ಹೊತ್ತವರಿಗಿಂತ ಮೇಲಿನವರಿಗೇ ವೈಕಲ್ಯ ಎರಡು ಪಟ್ಟು ಅಂದರೆ ಏನೋ ಸರಿಯಿಲ್ಲ, ಅಲ್ವಾ? ಜೀವನಶೈಲಿ ಕಾಯಿಲೆಗಳ ಪಾಲು ದೊಡ್ಡದು ಅಂತ ಅದೇ ವರದಿ ಹೇಳಿದೆ.

ಇನ್ನು ಟೈಪ್ 2, ಅಂದರೆ ಹೆಚ್ಚಿನವರಿಗೆ ಬರುವ ಸಾಮಾನ್ಯ ಶುಗರ್ ವಿಷಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನ 2023ರಲ್ಲಿ ಹೊರಬಂತು. ದೇಶದ ವಯಸ್ಕರಲ್ಲಿ 11.4 ಪರ್ಸೆಂಟ್ ಜನಕ್ಕೆ ಶುಗರ್ ಇದೆ, ಹತ್ತು ಕೋಟಿಗೂ ಮೇಲೆ. ಎಲ್ಲಕ್ಕಿಂತ ಜಾಸ್ತಿ ಇರುವುದು ನಮ್ಮ ಪಕ್ಕದ ಗೋವಾದಲ್ಲಿ, 26.4 ಪರ್ಸೆಂಟ್. ವಾಸ್ಕೋದಲ್ಲಿ ಅಂಗಡಿ ಇಟ್ಟ ನಮ್ಮ ಸಂಬಂಧಿಕರ ಮನೆಯಲ್ಲಿ ಊಟಕ್ಕೆ ಕೂತರೆ ಬಡಿಸುವ ಮೊದಲು ಮಾತ್ರೆ ಡಬ್ಬಿ ಬರುತ್ತದೆ. ಅವರು ಯಾವ ಗಡಿ ಕಾದವರೂ ಅಲ್ಲ. ಹದಿನೆಂಟರಲ್ಲಿ ಮೂತ್ರ ಪರೀಕ್ಷೆ ಪಾಸಾದವನಿಗೆ ನಲವತ್ತೈದರಲ್ಲಿ ಶುಗರ್ ಬಂತು ಅಂದರೆ ನಡುವಿನ ಇಪ್ಪತ್ತೇಳು ವರ್ಷಕ್ಕೆಲ್ಲ ಸೇವೆಯೇ ಕಾರಣ ಅಂತ ಹೇಳಲಾಗದು. ತಂದೆ ತಾಯಿಯ ಬಳುವಳಿ ಇದೆ, ಹೊಟ್ಟೆಯ ಸುತ್ತಳತೆ ಇದೆ. ಭರ್ತಿ ಮಾಡುವ ಡಾಕ್ಟರು ಇದನ್ನೆಲ್ಲ ಆವತ್ತೇ ಕಂಡುಹಿಡಿಯಬೇಕಿತ್ತು ಅನ್ನುವುದು ಆಗದ ಮಾತು. 2019ರಲ್ಲಿ ನರಸಿಂಗ್ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ: ಸೇರುವಾಗ ಕಾಣಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಸೇವೆಯಿಂದಲೇ ಬಂತು ಅನ್ನಲಾಗದು, ವೈದ್ಯಕೀಯ ಮಂಡಳಿಯ ಅಭಿಪ್ರಾಯಕ್ಕೆ ತೂಕ ಇದೆ. ಅದು ಮಾನಸಿಕ ಕಾಯಿಲೆಯ ಪ್ರಕರಣ, ಆದರೆ ತರ್ಕ ಇಲ್ಲಿಗೂ ಹೊಂದುತ್ತದೆ.

ಫೀಲ್ಡ್‌ನಲ್ಲಿದ್ದಾಗ ಬಂತಾ? ಕೊಡಿ, ಪ್ರಶ್ನೆಯೇ ಬೇಡ. ಎತ್ತರದ ಜಾಗಕ್ಕೆ ಕಳಿಸಿದ ಮೇಲೆ ಹೆಚ್ಚಾಯಿತಾ? ಅದಕ್ಕೂ ಕೊಡಿ. ವೈದ್ಯಾಧಿಕಾರಿಗಳ ಕೈಪಿಡಿ ಹೇಳುವುದೂ ಹೆಚ್ಚುಕಮ್ಮಿ ಇದನ್ನೇ. ಪರವಾಗಿ ಬರೆದವರು ಅದನ್ನು ಪೋಸ್ಟಿಂಗ್ ಆರ್ಡರ್ ನೋಡುವ ನಿಯಮ ಅಂದರು. ನನಗೆ ಅದರಲ್ಲಿ ಅರ್ಥ ಕಾಣುತ್ತದೆ. ನಿದ್ದೆಗೆಟ್ಟು, ಡಬ್ಬಿಯ ಊಟ ತಿಂದು, ಪ್ರಾಣಭಯದಲ್ಲಿ ಇದ್ದವನಿಗೂ, ಕಂಟೋನ್ಮೆಂಟ್ ಕಚೇರಿಯಲ್ಲಿ ಹತ್ತರಿಂದ ಐದು ಕೂತವನಿಗೂ ವ್ಯತ್ಯಾಸ ಮಾಡಲೇಬೇಕು. ಮೂರು ವರ್ಷ ಫೀಲ್ಡ್‌ನಲ್ಲಿದ್ದು, ಪುಣೆಗೆ ಬಂದ ಕೂಡಲೇ ಶುಗರ್ ಸಿಕ್ಕಿದವನ ವಿಷಯದಲ್ಲಿ ನಿಯಮ ಬಿಗಿಯಾಯಿತು ಅನ್ನುವುದನ್ನು ಒಪ್ಪುತ್ತೇನೆ. ಅದಕ್ಕೆ ನಿಯಮ ಸಡಿಲಿಸಿ. ನಿಯಮವನ್ನೇ ತೆಗೆದುಹಾಕಬೇಡಿ.

ಟೈಪ್ 1 ಬಂದ ಹುಡುಗನಿಗೆ ಏನು ಮಾಡುವುದು? ಅವನನ್ನು ಬೀದಿಗೆ ಬಿಡಿ ಅಂತ ನಾನು ಹೇಳುತ್ತಿಲ್ಲ. ಅವನ ಮೊದಲ ಅಗತ್ಯ ಇನ್ಸುಲಿನ್, ಕಣ್ಣು ಮತ್ತು ಕಿಡ್ನಿ ತಪಾಸಣೆ, ಕೂತು ಮಾಡುವ ಒಂದು ಕೆಲಸ. ಅದಕ್ಕಾಗಿ ಅವನು ಹತ್ತಾರು ವರ್ಷ ಮೇಲ್ಮನವಿ, ಮುಂಬೈನ ಸಶಸ್ತ್ರ ಪಡೆ ನ್ಯಾಯಮಂಡಳಿ, ಅದರ ಮೇಲೆ ಹೈಕೋರ್ಟ್ ಅಂತ ಅಲೆಯಬೇಕಾ? ಕಾಯಿಲೆಯಿಂದ ಹೊರಬಿದ್ದ ಪ್ರತಿಯೊಬ್ಬನಿಗೂ, ಸೇವೆಯ ನಂಟು ಇರಲಿ ಬಿಡಲಿ, ಇಸಿಎಚ್‌ಎಸ್ ಕೊಡಿ. ಸ್ಟೋರ್, ಸಿಗ್ನಲ್ ಕೊಠಡಿ, ತರಬೇತಿ ಕೇಂದ್ರದ ಕಚೇರಿ, ಇಂಥ ಕಡೆ ಜಾಗ ಮಾಡಿ ಪಿಂಚಣಿಯ ಅವಧಿ ಮುಗಿಯುವವರೆಗಾದರೂ ಇಟ್ಟುಕೊಳ್ಳಿ. ಹತ್ತು ವರ್ಷ ತುಂಬದವನ ಗ್ರಾಚ್ಯುಟಿ ಏರಿಸಿ. ಇದಕ್ಕೆಲ್ಲ ಕಾಯಿಲೆ ಎಲ್ಲಿಂದ ಬಂತು ಅನ್ನುವ ವಾದವೇ ಬೇಕಿಲ್ಲ.

2023ರ ಸೆಪ್ಟೆಂಬರ್‌ನಲ್ಲಿ ಬಂದ ಹೊಸ ನಿಯಮಗಳು ಕಾಯಿಲೆ ಇದ್ದೂ ಸೇವೆಯಲ್ಲಿ ಮುಂದುವರಿದು ನಿವೃತ್ತರಾದವರಿಗೆ ಇಂಪೇರ್‌ಮೆಂಟ್ ರಿಲೀಫ್ ಅನ್ನುವ ಬೇರೆ ಹೆಸರು, ಬೇರೆ ಲೆಕ್ಕ ಇಟ್ಟವು. ಮಾಜಿ ಸೈನಿಕರು ಗಲಾಟೆ ಮಾಡಿದರು. ನನ್ನ ಪ್ರಕಾರ ಆ ದಾರಿ ಸರಿ ಇದೆ, ಆದರೆ ಅರ್ಧಕ್ಕೆ ನಿಂತಿದೆ. ಬೋರ್ಡ್ ಔಟ್ ಆದ ಜವಾನನಿಗೆ ಬೇಗ ಸಹಾಯ ಸಿಗುವ ಭಾಗ ಇನ್ನೂ ಬರಬೇಕು. ಅದಕ್ಕಿಂತ ಮೊದಲು ವಾರ್ಷಿಕ ತಪಾಸಣೆಯಲ್ಲಿ ಪ್ರತಿಯೊಬ್ಬನ ತೂಕ, ಸೊಂಟದ ಅಳತೆ, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) ಬರೆದಿಟ್ಟು, ಅದರ ಒಂದು ಪ್ರತಿ ಅವನ ಕೈಗೂ ಕೊಡಲಿ. ಆಗ ಬೋರ್ಡಿನ ಮುಂದೆ ಕೂತವನ ಬಳಿಯೂ ತನ್ನ ಕಾಗದ ಇರುತ್ತದೆ.