ಕನ್ನಡಿ ಇದ್ದರೂ ಕತ್ತು ತಿರುಗಿಸಲೇಬೇಕು

ಹಿಂದೆ ಬರುವ ಗಾಡಿ ಕಾಣಲೆಂದು ಪುಟ್ಟ ಕನ್ನಡಿ ಕೂರಿಸಿದ ಸೈಕಲ್ ಸವಾರರ ಕನ್ನಡಕದ ಬಗ್ಗೆ "ಈ ಕನ್ನಡಕ ಹಾಕಿದರೆ ಹಿಂದೆ ತಿರುಗಿ ನೋಡಬೇಕಾಗಿಯೇ ಇಲ್ಲ" ಅಂತ ಬರೆದಿದ್ದೀರಿ, ಆ ಒಂದು ಮಾತು ಒಪ್ಪಲಾರೆ. ಎರಡು ವರ್ಷದಿಂದ ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ಇಂಥದ್ದೇ ಹಾಕಿಕೊಂಡು ಸೈಕಲ್ ತುಳಿಯುತ್ತಿದ್ದೇನೆ. ಹ್ಯಾಂಡಲ್‌ಗೆ ಹಾಕಿದ ಕನ್ನಡಿ ಗುಂಡಿ ಬಂದಾಗಲೆಲ್ಲ ನಡುಗುತ್ತದೆ, ಇದು ತಲೆಯ ಜೊತೆಗೇ ಇರುವುದರಿಂದ ಹಿಂದಿನ ಬಸ್ಸು ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಹೆಬ್ಬೆರಳ ಉಗುರಿನಷ್ಟು ಕನ್ನಡಿ, ಪಕ್ಕಕ್ಕೇ ಬಂದುಬಿಟ್ಟ ಸ್ಕೂಟರ್ ಅದರಲ್ಲಿ ಸಿಗುವುದೇ ಇಲ್ಲ. ಹೋದ ತಿಂಗಳು ನಾನು ಬಲಕ್ಕೆ ಸರಿಯುವಾಗ ಒಂದು ಸ್ಕೂಟರ್ ಮೊಣಕೈ ಸವರಿಕೊಂಡೇ ಹೋಯಿತು. ಇನ್ನೊಂದು ಮಾತು, ಎಡಗಣ್ಣಿನ ಕಡೆ ಮಾತ್ರ ಕನ್ನಡಿ ಇರುವುದನ್ನು ಕೊಳ್ಳಬೇಡಿ. ಅಮೆರಿಕದಂಥ ಕಡೆ ಅದು ಸರಿ, ನಮ್ಮಲ್ಲಿ ಗಾಡಿಗಳು ಬರುವುದು ಬಲಗಡೆಯಿಂದ ಅಲ್ವಾ?